ಒಲೆ ಹಚ್ಚದ ಅಡುಗೆ ಸುಲಭವೆಂಬ ಭ್ರಮೆ

ಒಲೆ ಹಚ್ಚದೆ ಮಾಡುವ ಅಡುಗೆ ಸುಲಭದ ಅಡುಗೆ, ಅದಕ್ಕೆ ಹೆಚ್ಚಿನ ತಿಳಿವಳಿಕೆಯಾಗಲಿ ಪಳಗಿದ ಕೈಯಾಗಲಿ ಬೇಕಿಲ್ಲ, ಹೊತ್ತೂ ಹಿಡಿಯುವುದಿಲ್ಲ ಎಂಬ ನಂಬಿಕೆ ಮೈಸೂರಿನಂಥ ನಗರದಲ್ಲಿ ಇಂದು ಯಾರೂ ಪ್ರಶ್ನಿಸದ ಮಾತಾಗಿದೆ. ಶಾಲೆಯ ಮಕ್ಕಳಿಗೆ ‘ಬೆಂಕಿಯಿಲ್ಲದ ಅಡುಗೆ’ ಸ್ಪರ್ಧೆ ಏರ್ಪಡಿಸುವವರು, ಬೇಸಿಗೆ ಕಾಲಿಟ್ಟೊಡನೆ ಪುರವಣಿಗಳಲ್ಲಿ ಹತ್ತು ನಿಮಿಷದ ತಿನಿಸುಗಳನ್ನು ಪ್ರಕಟಿಸುವವರು, ಬಾಡಿಗೆ ಕೋಣೆಯ ವಿದ್ಯಾರ್ಥಿಗಳಿಗೆ ಹಿತವಚನ ಹೇಳುವವರು, ಸಿಲಿಂಡರಿನ ಬೆಲೆ ಏರಿದಾಗಲೆಲ್ಲ ಉಳಿತಾಯದ ಉಪಾಯ ಸೂಚಿಸುವವರು, ಹೀಗೆ ಬೇರೆ ಬೇರೆ ಕಾರಣಗಳಿಗಾಗಿ ಮಾತನಾಡುವ ಎಲ್ಲರೂ ಈ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ. ನಿಜವಾದ ಅಡುಗೆ ಬೆಂಕಿಯ ಮೇಲಿನದು, ಬೆಂಕಿಯಿಲ್ಲದ್ದು ಅದರ ಪೂರ್ವಾಭ್ಯಾಸ ಅಥವಾ ಆಟ ಎಂಬುದು ಅವರೆಲ್ಲರ ಮಾತಿನ ತಳದಲ್ಲಿರುವ ಗ್ರಹಿಕೆ. ಈ ಗ್ರಹಿಕೆ ಪರಿಶೀಲನೆಗೆ ನಿಲ್ಲುವುದಿಲ್ಲ. ಹಳೆಯ ಮೈಸೂರು ಸೀಮೆಯ ಅಡುಗೆಮನೆಗಳೇ ಇದಕ್ಕೆ ಎದುರು ಸಾಕ್ಷಿ ಹೇಳುತ್ತವೆ.

ಮೊದಲು ಸ್ಪರ್ಧೆಯ ಮೇಜಿನ ಮೇಲೆ ಜೋಡಿಸಿಡುವ ಸಾಮಗ್ರಿಗಳನ್ನೇ ನೋಡಬಹುದು. ಬ್ರೆಡ್ಡು, ಬಿಸ್ಕತ್ತು, ಗಟ್ಟಿ ಹಾಲಿನ ಡಬ್ಬಿ, ಚಾಕೊಲೇಟು, ಇವುಗಳಲ್ಲಿ ಬೆಂಕಿ ಕಾಣದ ಪದಾರ್ಥ ಒಂದೂ ಇಲ್ಲ. ಬೆಂಕಿ ಕಾರ್ಖಾನೆಯಲ್ಲಿ ಉರಿದಿದೆ, ಅಷ್ಟೇ. ಇದು ಪೇಟೆಯ ಸಾಮಾನಿಗೆ ಮಾತ್ರ ಸಲ್ಲುವ ಆಕ್ಷೇಪವೆಂದು ತಿಳಿಯಬೇಕಾಗಿಲ್ಲ. ಮೈಸೂರಿನ ಬೀದಿಯಲ್ಲಿ ಕ್ಯಾರೆಟ್ ತುರಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಬೆರೆಸಿ ಕೈಯಲ್ಲೇ ಕಲಸಿ ಕೊಡುವ ಚುರುಮುರಿಯ ಪುರಿ ಕಾದ ಮರಳಿನಲ್ಲಿ ಅರಳಿದ್ದು. ಅವಲಕ್ಕಿಯಾಗುವ ಭತ್ತವನ್ನು ನೀರಿನಲ್ಲಿ ನೆನೆಸಿ, ಹುರಿದು, ಬಿಸಿಯಾಗಿರುವಾಗಲೇ ಕುಟ್ಟಿ ಚಪ್ಪಟೆ ಮಾಡುತ್ತಾರೆ. ಈ ಕ್ರಮದಲ್ಲಿ ಅಕ್ಕಿಯೊಳಗಿನ ಪಿಷ್ಟ, ಅಂದರೆ ಹಿಟ್ಟಿನ ಅಂಶ, ಬೆಂದು ಅರಳಿಕೊಂಡಿರುವುದರಿಂದಲೇ ಮೊಸರವಲಕ್ಕಿಯನ್ನು ಒಲೆಯ ಹಂಗಿಲ್ಲದೆ ಕಲಸಿ ತಿನ್ನಲು ಬರುತ್ತದೆ. ರಾಗಿಯ ಹುರಿಹಿಟ್ಟು ಹಾಲಿನಲ್ಲೋ ಮಜ್ಜಿಗೆಯಲ್ಲೋ ಬೆಲ್ಲದೊಡನೆ ಕಲಸಿದರೆ ಆಯಿತೆನ್ನುವಷ್ಟು ಸರಳವಾದ ಆಹಾರವೆಂದು ಹೊಲಗೆಲಸದವರೂ ಬಾಣಂತಿಯರೂ ಮಕ್ಕಳೂ ಬಲ್ಲರು. ಆದರೆ ಆ ಹಿಟ್ಟಾಗುವ ಮುಂಚೆ ರಾಗಿಗೆ ನೀರು ಚಿಮುಕಿಸಿ, ತೇವ ಒಳಗಿಳಿಯುವವರೆಗೆ ಕಾದು, ಸುಡುವ ಬಾಣಲೆಯಲ್ಲಿ ಅರಳಿಸಿ ಬೀಸಿರುತ್ತಾರೆ. ಪಾನಕದ ಬೆಲ್ಲ ಮಂಡ್ಯದ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಸಿಪ್ಪೆಯ ಉರಿಗೆ ಗಂಟೆಗಟ್ಟಲೆ ಕುದಿದದ್ದು. ಮೊಸರಿನ ಹಿಂದೆ ಕಾಯಿಸಿದ ಹಾಲಿದೆ, ತಂಬಿಟ್ಟಿನ ಹುರಿಗಡಲೆಯ ಹಿಂದೆ ಹುರಿಯುವವನ ಭಟ್ಟಿಯಿದೆ. ರಸಾಯನದ ಬಾಳೆಹಣ್ಣಾದರೂ ಬೆಂಕಿಯಿಂದ ದೂರ ಉಳಿದಿತ್ತೆಂದುಕೊಂಡರೆ, ಹಿಂದೆ ಗೊನೆಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರೆಂಬುದು ನೆನಪಾಗುತ್ತದೆ.

ಇದೇ ನಗರದಲ್ಲಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಕೆಲಸ ಈ ಅಂಶವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 5000 ಮೀಟರ್ ಎತ್ತರದ ಹಿಮಪ್ರದೇಶದಲ್ಲಿ ನೀರು 85 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಕುದಿದುಬಿಡುವುದರಿಂದ ಬೇಳೆ ಬೇಯುವುದು ಕಷ್ಟ, ಇಂಧನ ಹೊತ್ತೊಯ್ಯುವುದು ಅದಕ್ಕಿಂತ ಕಷ್ಟ. ಆದ್ದರಿಂದ ಸೈನಿಕನು ಪೊಟ್ಟಣ ಬಿಚ್ಚಿ ಹಾಗೆಯೇ ತಿನ್ನಬಹುದಾದ ಆಹಾರ ಬೇಕಾಗುತ್ತದೆ. ಅಂಥ ಪೊಟ್ಟಣವನ್ನು ರಿಟಾರ್ಟ್ ಎಂಬ ವಿಧಾನದಲ್ಲಿ, ಅಂದರೆ ಮೊಹರು ಮಾಡಿದ ಮೇಲೆ ಹಬೆಯ ಒತ್ತಡದಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸಿ, ಸಿದ್ಧಪಡಿಸುತ್ತಾರೆ. ತಿನ್ನುವವನ ಕಣ್ಣಿಗೆ ಬೆಂಕಿ ಬೀಳದಿರಲು ಬೇರೊಂದು ಕಡೆ ಮನೆಯ ಒಲೆಗಿಂತ ಹೆಚ್ಚಿನ ಶಾಖ ಬೇಕಾಯಿತು. ವಿಜ್ಞಾನಿಗಳು ಇದನ್ನು ಎಂದೂ ಬೆಂಕಿಯಿಲ್ಲದ ಅಡುಗೆಯೆಂದು ಕರೆದುಕೊಳ್ಳಲಿಲ್ಲ. ಆ ಹೆಸರಿಡುವ ಧೈರ್ಯ ಪುರವಣಿಗಳಿಗೆ ಮಾತ್ರ ಇದೆ.

ಹಾಗಾದರೆ ಬೆಂಕಿ ನಿಜವಾಗಿಯೂ ಇಲ್ಲದ ಅಡುಗೆ ಇಲ್ಲವೇ? ಬೆಲ್ಲ, ಮೊಸರುಗಳನ್ನು ಬದಿಗಿಟ್ಟರೆ ಇದೆ, ಮತ್ತು ಸುಲಭವೆಂಬ ವಾದ ಹೆಚ್ಚು ಸೋಲುವುದು ಅಲ್ಲಿಯೇ. ನಾಗರ ಪಂಚಮಿಯ ಸಂದರ್ಭದಲ್ಲಿ ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ, ಕರಿಯುವುದಿಲ್ಲ, ಹುರಿಯುವುದಿಲ್ಲ. ನಾಗನಿಗೆ ಎಡೆಯಿಡುವುದು ಹಸಿ ತಂಬಿಟ್ಟು ಮತ್ತು ಹಸಿ ಚಿಗಳಿ. ತಂಬಿಟ್ಟಿಗೆ ಅಕ್ಕಿಯನ್ನು ತೊಳೆದು ನೆನೆಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ಕೈಗೆ ನೀರು ಅಂಟದಂತಾಗಿ ಒಳಗೆ ಮಾತ್ರ ತೇವ ಉಳಿದಿರುವ ಹದದಲ್ಲಿ ಕುಟ್ಟಬೇಕು. ಪೂರಾ ಒಣಗಿದ್ದರೆ ಹಿಟ್ಟು ಮರಳಿನಂತೆ ಉದುರುತ್ತದೆ, ನೀರು ಉಳಿದಿದ್ದರೆ ಬೆಲ್ಲ ಬೆರೆಸಿದೊಡನೆ ಹಿಟ್ಟು ಅಂಬಲಿಯಾಗುತ್ತದೆ. ಚಿಗಳಿಗೆ ಎಳ್ಳನ್ನು ಬೆಲ್ಲದ ಜೊತೆ ಕುಟ್ಟುವಾಗ ಎಳ್ಳಿನ ಎಣ್ಣೆ ತಾನಾಗಿ ಬಿಟ್ಟುಕೊಂಡು ಉಂಡೆ ಕೂಡಿಕೊಳ್ಳುವ ಕ್ಷಣವೊಂದಿದೆ, ಅದು ದಾಟಿದರೆ ಉಂಡೆ ಜಿಡ್ಡುಜಿಡ್ಡಾಗುತ್ತದೆ. ಬೇಯಿಸುವ ಅಡುಗೆಯಲ್ಲಿ ನೀರು ಹೆಚ್ಚಾದರೆ ಇನ್ನೆರಡು ಕುದಿ ಬರಿಸಬಹುದು, ಗಟ್ಟಿಯಾದರೆ ನೀರು ಹಾಕಿ ಮತ್ತೆ ಕುದಿಸಬಹುದು. ತಪ್ಪನ್ನು ತಿದ್ದಿಕೊಡುವ ಈ ಔದಾರ್ಯ ಬೆಂಕಿಗಿದೆ. ಹಸಿ ತಂಬಿಟ್ಟಿಗೆ ಅಂಥ ಎರಡನೆಯ ಅವಕಾಶವಿಲ್ಲ.

ಕೋಸಂಬರಿಯಲ್ಲಿ ಈ ಮಾತು ಇನ್ನೂ ಬಿಡಿಬಿಡಿಯಾಗಿ ಕಾಣುತ್ತದೆ. ರಾಮನವಮಿಯಂದು ಪಾನಕ, ನೀರು ಮಜ್ಜಿಗೆಗಳ ಜೊತೆ ಹಂಚುವ ಈ ಪದಾರ್ಥವನ್ನು ಬೇಳೆ ನೆನೆಸಿ ಸೌತೆಕಾಯಿ ಬೆರೆಸುವುದು ಎಂಬ ಒಂದೇ ವಾಕ್ಯದಲ್ಲಿ ಮುಗಿಸುವವರು ಬೇಳೆಯ ಆಯ್ಕೆಯ ಹಿಂದಿರುವ ವಿವೇಕವನ್ನು ಗಮನಿಸುವುದೇ ಇಲ್ಲ. ಮೈಸೂರಿನ ಅಡುಗೆಮನೆಯಲ್ಲಿ ದಿನಬೆಳಗಾದರೆ ಬೇಯುವುದು ತೊಗರಿಬೇಳೆ, ಚಳಿಗಾಲದಲ್ಲಿ ಮನೆಮನೆಯಲ್ಲೂ ಅವರೆಕಾಳು. ಆದರೂ ಕೋಸಂಬರಿಗೆ ತೊಗರಿಯನ್ನಾಗಲಿ ಅವರೆಯನ್ನಾಗಲಿ ಯಾರೂ ಹಾಕಲಿಲ್ಲ, ಹೆಸರುಬೇಳೆಯನ್ನು, ಅದು ಬಿಟ್ಟರೆ ಕಡಲೆಬೇಳೆಯನ್ನು ಆರಿಸಿಕೊಂಡರು. ದ್ವಿದಳ ಧಾನ್ಯಗಳಲ್ಲಿ ಪ್ರೋಟೀನು ಜೀರ್ಣವಾಗುವುದನ್ನು ತಡೆಯುವ ಅಂಶಗಳೂ, ಕೆಲವದರಲ್ಲಿ ನೇರವಾಗಿ ವಿಷವಾಗುವ ಅಂಶಗಳೂ ಇರುತ್ತವೆ, ಬೇಯಿಸಿದಾಗ ಅವು ನಾಶವಾಗುತ್ತವೆ. ರಾಜ್ಮಾ ಕಾಳನ್ನು ನೆನೆಸಿ ಹಸಿಯಾಗಿ ತಿಂದರೆ ಕೆಲವೇ ಕಾಳುಗಳು ತೀವ್ರ ವಾಂತಿಗೆ ಸಾಕು. ಒಣಗಿದ ಅವರೆಕಾಳಿನಲ್ಲಿ ಸಯನೈಡು ಬಿಡುಗಡೆ ಮಾಡಬಲ್ಲ ಸಂಯುಕ್ತಗಳಿರುವುದರಿಂದ ಅದನ್ನು ಚೆನ್ನಾಗಿ ಬೇಯಿಸದೆ ತಿನ್ನುವಂತಿಲ್ಲ, ನೆನೆಸಿ ಸಿಪ್ಪೆ ತೆಗೆದ ಹಿತಕಿದ ಅವರೆಯೂ ಸಾರಿನಲ್ಲಿ ಬೆಂದೇ ತಟ್ಟೆಗೆ ಬರುತ್ತದೆ. ಸಿಪ್ಪೆ ಕಳೆದು ಒಡೆದ ಹೆಸರುಬೇಳೆ ಈ ದೃಷ್ಟಿಯಿಂದ ಸೌಮ್ಯ, ಬೇಗ ನೆನೆಯುವ ಗುಣವೂ ಅದಕ್ಕಿದೆ. ಪ್ರಯೋಗಾಲಯವಿಲ್ಲದೆ, ಬಹುಶಃ ಕೆಲವರ ಹೊಟ್ಟೆನೋವಿನ ಬೆಲೆ ತೆತ್ತು, ತಲೆಮಾರುಗಳ ಹೆಂಗಸರು ಕಂಡುಕೊಂಡ ಈ ಆಯ್ಕೆಯನ್ನು ‘ಸುಲಭ’ ಎನ್ನುವುದು ಅವರ ಅರಿವನ್ನು ಲೆಕ್ಕದಿಂದ ಹೊರಗಿಟ್ಟಂತೆ.

ಆಯ್ಕೆಯ ನಂತರ ಹದದ ಪ್ರಶ್ನೆ ಬರುತ್ತದೆ. ಹೆಸರುಬೇಳೆ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಯಬೇಕು, ಉಗುರಿನಿಂದ ಅದುಮಿದರೆ ಮುರಿಯಬೇಕೇ ಹೊರತು ಹಿಸುಕಿಹೋಗಬಾರದು. ಕಡಲೆಬೇಳೆಗೆ ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ನೀರನ್ನು ಪೂರಾ ಬಸಿಯದಿದ್ದರೆ ಕಾಯಿತುರಿ ತೊಯ್ದು ಮುದ್ದೆಯಾಗುತ್ತದೆ. ಎಳೆಯ ಸೌತೆಕಾಯಿಯನ್ನು ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಉದ್ದುದ್ದ ಕೊಚ್ಚಿ ಅನಂತರ ಅಡ್ಡಕ್ಕೆ ಸವರಿದರೆ ಬರುವ ಚೂರುಗಳು ಸಮಗಾತ್ರದವಲ್ಲ, ಮತ್ತು ಹಾಗಿಲ್ಲದಿರುವುದೇ ಒಳ್ಳೆಯದು: ತೆಳುವಾದ ಚೂರು ಉಪ್ಪು ಹುಳಿ ಹೀರುತ್ತದೆ, ದಪ್ಪನೆಯದು ಬಾಯಲ್ಲಿ ಕುರುಕಲಾಗಿ ಉಳಿಯುತ್ತದೆ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಕಾಯಿತುರಿ ಎಲ್ಲ ಬೆರೆತ ಮೇಲೂ ಉಪ್ಪು ಮತ್ತು ನಿಂಬೆರಸ ಕಾಯಬೇಕು. ಉಪ್ಪು ಬಿದ್ದೊಡನೆ ಸೌತೆಕಾಯಿಯ ಜೀವಕೋಶಗಳೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುವುದರಿಂದ ಅದನ್ನು ಬಡಿಸುವ ಹೊತ್ತಿಗೇ ಹಾಕುವುದು ಪದ್ಧತಿ. ಸಾಸಿವೆ ಇಂಗಿನ ಒಗ್ಗರಣೆ ಕೊಡುವ ಮನೆಗಳೂ ಬಹಳ ಇವೆ, ಆಗ ಒಂದು ಸೌಟಿನಷ್ಟು ಬೆಂಕಿ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಒಗ್ಗರಣೆಯಿಲ್ಲದ ಕೋಸಂಬರಿಯಲ್ಲಿ ಹೆಸರಿನ ಹಸಿ ಪರಿಮಳ ಹೆಚ್ಚು ತಿಳಿಯುತ್ತದೆ ಎಂಬುದನ್ನು ಮಾತ್ರ ಇಲ್ಲಿ ಹೇಳಬಹುದು.

ಬೆಂಕಿ ತಾಕಿದರೆ ಕೆಟ್ಟೇಹೋಗುವ ಅಡುಗೆಯೂ ಇದೆ ಎಂಬುದಕ್ಕೆ ‘ಸಾಸಿವೆ’ ಎಂದೇ ಕರೆಯುವ ಪದಾರ್ಥ ಸಾಕ್ಷಿ. ಹಣ್ಣು ಅಥವಾ ಸೌತೆಕಾಯಿಯ ಹೋಳುಗಳಿಗೆ ಕಾಯಿತುರಿ, ಹಸಿ ಸಾಸಿವೆ, ಮೆಣಸಿನಕಾಯಿ ರುಬ್ಬಿ, ಮೊಸರು ಬೆರೆಸಿ ಮಾಡುವ ಇದರ ಜೀವಾಳ ಮೂಗಿಗೇರುವ ಆ ಘಾಟು. ಸಾಸಿವೆಯ ಕಾಳಿನಲ್ಲಿ ಈ ಘಾಟು ಮೊದಲೇ ಇರುವುದಿಲ್ಲ. ಕಾಳು ನೀರಿನೊಡನೆ ಅರೆಯಲ್ಪಟ್ಟಾಗ ಮೈರೋಸಿನೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ಪ್ರೋಟೀನು, ಕಾಳಿನ ಇನ್ನೊಂದು ಅಂಶದೊಡನೆ ಸೇರಿ ಅದನ್ನು ಉಂಟುಮಾಡುತ್ತದೆ. ಶಾಖ ತಗುಲಿದರೆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದಿಲ್ಲ. ಒಗ್ಗರಣೆಯ ಸಾಸಿವೆ ಕಟುವಾಗದೆ ಘಮಘಮಿಸುವುದಕ್ಕೆ ಕಾರಣವೂ ಇದೇ. ಅತಿಯಾಗಿ ರುಬ್ಬಿದರೆ ಕಹಿಯಾಗುವುದರಿಂದ ರುಬ್ಬುವಾಗ ಸಾಸಿವೆಯನ್ನು ಕೊನೆಗೆ ಹಾಕುತ್ತಾರೆ. ಬೆಂಕಿಯ ಅಭಾವವನ್ನು ಇಲ್ಲಿ ಕೊರತೆಯೆಂದು ಕರೆಯಲು ಬರುವುದಿಲ್ಲ. ಒಲೆ ಇದ್ದೂ ಅದನ್ನು ಬೇಡವೆನ್ನುವ ನಿರ್ಧಾರ ಇದು.

ಅಡುಗೆಯೆಂದರೆ ಬೆಂಕಿ ಎಂಬ ನಂಬಿಕೆಗೆ ವಿದ್ವಾಂಸರ ಬೆಂಬಲವೂ ದೊರೆತಿದೆ ಎಂಬುದನ್ನು ಒಪ್ಪಬೇಕು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿ ಸ್ಟ್ರಾಸ್ 1964ರಲ್ಲಿ ಹಸಿ ಮತ್ತು ಬೆಂದದ್ದು ಎಂಬ ವಿರೋಧವನ್ನು ಪ್ರಕೃತಿ ಮತ್ತು ಸಂಸ್ಕೃತಿಗಳ ನಡುವಿನ ಗೆರೆಯಾಗಿ ವಿವೇಚಿಸಿದನು. ಅನಂತರ ಕೊಳೆತದ್ದನ್ನು ಮೂರನೆಯ ಮೂಲೆಯಾಗಿಟ್ಟು ತ್ರಿಕೋನವೊಂದನ್ನು ರಚಿಸಿದನು. ಇನ್ನೊಬ್ಬ ಮಾನವಶಾಸ್ತ್ರಜ್ಞ ರಿಚರ್ಡ್ ರ‍್ಯಾಂಗಮ್ 2009ರ ತನ್ನ ಪುಸ್ತಕದಲ್ಲಿ ಬೇಯಿಸಿದ ಆಹಾರವೇ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿತೆಂದು ವಾದಿಸಿದನು. ಎರಡನೆಯ ವಾದದಲ್ಲಿ ಸತ್ಯಾಂಶ ದೊಡ್ಡದು, ಏಕೆಂದರೆ ಅದು ಒಟ್ಟು ಆಹಾರಕ್ರಮದ ಶಕ್ತಿಯ ಲೆಕ್ಕ ಹೇಳುತ್ತದೆ, ಒಂದೊಂದು ತಿನಿಸಿನ ಬೆಲೆ ಕಟ್ಟುವುದಿಲ್ಲ. ಮೊದಲನೆಯವನ ತ್ರಿಕೋನದಲ್ಲಿ ಮಾತ್ರ ಹಸಿ ತಂಬಿಟ್ಟಿಗೆ, ಉಪ್ಪಿನಲ್ಲಿ ವಾರಗಟ್ಟಲೆ ಸುಕ್ಕುಗಟ್ಟಿದ ಮಾವಿನ ಮಿಡಿಗೆ, ರುಬ್ಬಿದ ಸಾಸಿವೆಗೆ ನೆಮ್ಮದಿಯ ಜಾಗ ಸಿಗುವುದಿಲ್ಲ. ಅವು ಹಸಿಯೂ ಅಲ್ಲ, ಬೆಂದದ್ದೂ ಅಲ್ಲ, ಕೊಳೆತದ್ದಂತೂ ಅಲ್ಲವೇ ಅಲ್ಲ. ಮೈಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ 16ನೆಯ ಶತಮಾನದ ಆದಿಭಾಗದಲ್ಲಿ ಸೂಪಶಾಸ್ತ್ರವನ್ನು, ಅಂದರೆ ಅಡುಗೆಯ ಶಾಸ್ತ್ರವನ್ನು, ಕನ್ನಡದಲ್ಲಿ ಬರೆದಾಗ ಪಾನಕಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟನು. ಕಲಸುವುದು, ಬೆರೆಸುವುದು ಶಾಸ್ತ್ರದ ಒಳಗಿನ ಕೆಲಸವೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಎದುರು ದಿಕ್ಕಿನಿಂದ ಬರುವ ಇನ್ನೊಂದು ಪಕ್ಷವಿದೆ: ಬೇಯಿಸಿದರೆ ಆಹಾರದ ಸತ್ವವೆಲ್ಲ ಸಾಯುತ್ತದೆ, ಆದ್ದರಿಂದ ಹಸಿಯಾಗಿ ತಿನ್ನುವುದೇ ಸಹಜ ಎನ್ನುವವರದು. ಸಿ ಜೀವಸತ್ವ ಶಾಖಕ್ಕೆ ಕುಗ್ಗುವುದು ನಿಜ. ಟೊಮ್ಯಾಟೊದ ಕೆಂಪು ಬಣ್ಣದ ಲೈಕೋಪೀನ್ ಬೇಯಿಸಿದಾಗಲೇ ಮೈಗೆ ಹೆಚ್ಚು ಹತ್ತುತ್ತದೆ ಎಂಬುದೂ ಅಷ್ಟೇ ನಿಜ. ಈ ಪಕ್ಷದವರು ಮೇಲಿನವರನ್ನು ವಿರೋಧಿಸುವಂತೆ ಕಂಡರೂ ಇಬ್ಬರ ಕೈಯಲ್ಲಿರುವ ಅಳತೆಗೋಲು ಬೆಂಕಿಯೊಂದೇ ಆಗಿರುವುದರಿಂದ, ನೆನೆಸುವುದು, ಅರೆಯುವುದು, ಹುಳಿಯಿಸುವುದು ಯಾವುದೂ ಇಬ್ಬರಿಗೂ ಕಾಣಿಸುವುದಿಲ್ಲ.

ಕಾಣದಿರುವುದರ ಫಲ ಬರಿಯ ಅಜ್ಞಾನವಾಗಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ರೋಗಾಣುಗಳನ್ನು ಕೊಲ್ಲುವ ಕೆಲಸವನ್ನು ಸದ್ದಿಲ್ಲದೆ ಮಾಡುವುದು ಬೆಂಕಿ. ಅದನ್ನು ತೆಗೆದಮೇಲೆ ಆ ಕೆಲಸದ ಭಾರ ಕೈ, ನೀರು, ಪಾತ್ರೆ, ಹೊತ್ತು ಇವುಗಳ ಮೇಲೆ ಬೀಳುತ್ತದೆ. ಇಂದಿನ ಪಾಕವಿಧಾನಗಳಲ್ಲಿ ಆರೋಗ್ಯದ ಹೆಸರಿನಲ್ಲಿ ಮೆರೆಯುವ ಹಸಿ ಮೊಳಕೆಕಾಳನ್ನೇ ತೆಗೆದುಕೊಳ್ಳಬಹುದು. ಕಾಳು ಮೊಳೆಯಲು ಬೇಕಾದ ಬೆಚ್ಚನೆಯ ತೇವವೇ ಬ್ಯಾಕ್ಟೀರಿಯಾ ಬೆಳೆಯಲೂ ಹೇಳಿಮಾಡಿಸಿದ ಪರಿಸರ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ವಿಷಕಾರಿ ಬಗೆಯೊಂದು ಹರಡಿ ಸುಮಾರು 4000 ಜನ ಕಾಯಿಲೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತಾಗ, ತನಿಖೆ ಬೊಟ್ಟು ಮಾಡಿದ್ದು ಮೆಂತ್ಯದ ಮೊಳಕೆಯ ಕಡೆಗೆ. ಮೈಸೂರಿನ ಮನೆಗಳಲ್ಲಿ ಮೊಳಕೆ ಕಟ್ಟಿದ ಹುರುಳಿಯಾಗಲಿ ಹೆಸರುಕಾಳಾಗಲಿ ವಾಡಿಕೆಯಂತೆ ಹೋಗುತ್ತಿದ್ದುದು ಸಾರಿಗೆ, ಕುದಿಯುವ ಪಾತ್ರೆಗೆ. ಹಸಿಯಾಗಿ ತಿನ್ನುವ ಕೋಸಂಬರಿಗೆ ಒಂದು ಗಂಟೆ ಮಾತ್ರ ನೆನೆದ ಹೆಸರುಬೇಳೆ ಸಾಕೆನಿಸುತ್ತಿತ್ತು, ಉಳಿದದ್ದನ್ನು ಮರುದಿನಕ್ಕೆ ಇಡುತ್ತಿರಲಿಲ್ಲ. ನಿಂಬೆರಸ ಹಿಂಡಿದರೆ ಎಲ್ಲ ಶುದ್ಧವಾಗುತ್ತದೆಂಬ ಧೈರ್ಯವೂ ಪೊಳ್ಳು. ಪೆರು ದೇಶದಲ್ಲಿ ಹಸಿ ಮೀನನ್ನು ನಿಂಬೆಹುಳಿಯಲ್ಲಿ ನೆನೆಸಿ ಮಾಡುವ ಸೆವಿಚೆಯಲ್ಲಿ ಮೀನಿನ ಮಾಂಸ ಬೆಂದಂತೆ ಬೆಳ್ಳಗಾಗುತ್ತದೆ, ಆದರೆ ಅದರೊಳಗಿನ ಪರಾವಲಂಬಿ ಹುಳುಗಳು ಅಷ್ಟರಿಂದ ಸಾಯುವುದಿಲ್ಲ; ಹುಳಿ ರೂಪವನ್ನು ಬದಲಿಸುತ್ತದೆ, ಶಾಖದ ಕೆಲಸವನ್ನು ಪೂರ್ತಿ ವಹಿಸಿಕೊಳ್ಳುವುದಿಲ್ಲ. ಪಾನಕದ ವಿಷಯವಂತೂ ಹೇಳುವುದೇ ಬೇಡ, ಅದರ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಡ್ರಮ್ಮಿನಲ್ಲಿ ತುಂಬಿದ ಆ ನೀರು ಎಲ್ಲಿಂದ ಬಂತು, ಅದರಲ್ಲಿ ತೇಲುವ ಐಸು ಯಾವ ನೀರಿನದು ಎಂಬುದನ್ನು ಯಾವ ಪಾಕವಿಧಾನವೂ ಸಾಮಗ್ರಿಗಳ ಸಾಲಿನಲ್ಲಿ ಬರೆಯುವುದಿಲ್ಲ.

ಹೀಗೆಲ್ಲ ಹೇಳಿದರೆ ಹೊಸಬರು ಹೆದರಿ ಅಡುಗೆಮನೆಯ ಕಡೆಗೇ ಬರುವುದಿಲ್ಲ, ಸುಲಭವೆಂದು ಹೇಳಿ ಒಳಗೆ ಕರೆದುಕೊಳ್ಳುವುದೇ ಜಾಣತನ ಎಂಬ ಸಮಾಧಾನ ಕೆಲವರದು. ಚಿಕ್ಕ ಮಕ್ಕಳನ್ನು ಉರಿಯುವ ಒಲೆಯಿಂದ ದೂರವಿಡಬೇಕೆಂಬ ಅವರ ಕಾಳಜಿ ಸರಿಯಾದುದೇ. ಆದರೆ ಸುಟ್ಟುಕೊಳ್ಳುವ ಅಪಾಯ ಕಣ್ಣೆದುರಿಗಿರುತ್ತದೆ, ಮಗು ಒಮ್ಮೆ ನೋಡಿ ಕಲಿಯುತ್ತದೆ. ತೊಳೆಯದ ಕೊತ್ತಂಬರಿ ಸೊಪ್ಪಿನ ಅಪಾಯ ಮರುದಿನ ಬರುತ್ತದೆ, ಮಗುವಿಗೆ ಅದರ ಕಾರಣ ತಿಳಿಯುವುದೂ ಇಲ್ಲ. ಹೊಸಬರಿಗೆ ಹೇಳಿಕೊಡಬೇಕಾದದ್ದನ್ನು ಹೇಳದೆ ಬಿಡುವುದರಿಂದ ಅವರ ದಾರಿ ಹಗುರವಾಗುವುದಿಲ್ಲ.

ಶ್ರಮದ ಮಾತನ್ನೂ ಇಲ್ಲಿ ಎತ್ತಲೇಬೇಕು. ಹತ್ತು ನಿಮಿಷದ ತಿನಿಸು ಎಂದು ಬರೆಯುವವರು ‘ತುರಿದ ತೆಂಗಿನಕಾಯಿ ಒಂದು ಬಟ್ಟಲು, ನೆನೆಸಿದ ಬೇಳೆ ಒಂದು ಬಟ್ಟಲು, ಸಣ್ಣಗೆ ಹೆಚ್ಚಿದ ಸೌತೆಕಾಯಿ ಎರಡು’ ಎಂದು ಸಾಮಗ್ರಿಗಳನ್ನು ಕೊಡುತ್ತಾರೆ. ಕಾಯಿ ಒಡೆದು, ಈಳಿಗೆಮಣೆಯ ಮುಂದೆ ಕುಳಿತು ತುರಿದು, ಬೇಳೆ ಆರಿಸಿ ತೊಳೆದು ನೆನೆಹಾಕಿದವರ ಹೊತ್ತು ಆ ಹತ್ತು ನಿಮಿಷಕ್ಕೆ ಸೇರುವುದಿಲ್ಲ. ಅದು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಹೊತ್ತು. ಹಿಂದಿನ ವ್ಯವಸ್ಥೆಯನ್ನು ಹಾಡಿಹೊಗಳುವ ಉದ್ದೇಶ ಈ ಮಾತಿಗಿಲ್ಲ. ಬೇಯಿಸಿದ ಅನ್ನವನ್ನು ಮುಸುರೆಯೆಂದು ಬೇರ್ಪಡಿಸಿ, ಒಪ್ಪತ್ತಿನ ರಾತ್ರಿ ಫಲಾಹಾರವೆಂದು ಅವಲಕ್ಕಿ ತಿನ್ನುತ್ತಿದ್ದ ಮನೆಗಳು ಬೇಯಿಸದ ಆಹಾರಕ್ಕೆ ಒಂದು ಘನತೆ ಕೊಟ್ಟಿದ್ದವು ನಿಜ, ಆದರೆ ಯಾರ ಕೈಯ ಬೆಂದದ್ದನ್ನು ಯಾರು ಮುಟ್ಟಬಾರದೆಂಬ ಜಾತಿಯ ಕಟ್ಟಳೆಯೊಡನೆ ಆ ಘನತೆ ಹೆಣೆದುಕೊಂಡಿತ್ತು. ಆ ಕಟ್ಟಳೆ ಹೋಗಬೇಕಾದದ್ದೇ. ಅದರ ಜೊತೆಗೆ ಬೇಳೆಯ ಹದದ ತಿಳಿವಳಿಕೆಯೂ ಹೋಗಬೇಕೆಂಬ ನಿಯಮವೇನೂ ಇಲ್ಲ.

ಶಾಲೆಯ ಸ್ಪರ್ಧೆಗಳಿಗೆ ಮರಳಿದರೆ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಗಡುವು ಕೊಡುವುದರಿಂದ ನೆನೆಯಲು ಹೊತ್ತು ಬೇಕಾದ ಯಾವುದೂ ಅಲ್ಲಿ ಸಾಧ್ಯವಾಗುವುದಿಲ್ಲ. ಬೇಳೆ ಮನೆಯಲ್ಲಿ ನೆನೆದು ಡಬ್ಬಿಯಲ್ಲಿ ಬರುತ್ತದೆ, ನೆನೆಸಿದವಳು ತಾಯಿ. ಮಗು ಮಾಡುವುದು ಜೋಡಣೆ, ತೀರ್ಪುಗಾರರ ಅಂಕ ಬೀಳುವುದು ಕ್ಯಾರೆಟ್ಟಿನಲ್ಲಿ ಕೆತ್ತಿದ ಗುಲಾಬಿಗೆ. ಇದರ ಬದಲು ಬೆಳಿಗ್ಗೆಯೇ ಮಕ್ಕಳ ಮುಂದೆ ಹೆಸರುಬೇಳೆ, ತೊಗರಿಬೇಳೆ, ಒಣ ಅವರೆಕಾಳು ಮೂರನ್ನೂ ಒಣಗಿರುವಂತೆಯೇ ಇಟ್ಟು, ಇವುಗಳಲ್ಲಿ ಒಲೆ ಹಚ್ಚದೆ ತಿನ್ನಬಹುದಾದದ್ದು ಯಾವುದು, ಉಳಿದವನ್ನು ಏಕೆ ತಿನ್ನಬಾರದು, ಎಷ್ಟು ಹೊತ್ತು ಯಾವ ನೀರಿನಲ್ಲಿ ನೆನೆಸಬೇಕು ಎಂದು ಕೇಳಿ, ಮಧ್ಯಾಹ್ನದ ಊಟಕ್ಕೆ ಆ ಕೋಸಂಬರಿಯನ್ನೇ ಬಡಿಸಬಹುದು. ಈಗಿನ ಅಂಕಪಟ್ಟಿಯಲ್ಲಿ ಅಲಂಕಾರಕ್ಕೆ ಒಂದು ಕಲಮು ಇದೆ, ಸ್ವಚ್ಛತೆಗೆ ಒಮ್ಮೊಮ್ಮೆ ಒಂದು ಇರುತ್ತದೆ; ಬೇಳೆ ಆರಿಸಿದ್ದಕ್ಕೆ ಯಾವುದೂ ಇಲ್ಲ.